ಹಿಮಾಲಯದ ಚಾರಣಕ್ಕೆ ಬ್ಯಾಗ್ ತುಂಬುವ ಕ್ರಮ: ಹಂಪ್ಟಾ ಪಾಸ್‌ಗೆ ಹೊರಟವರಿಗಾಗಿ

ಮೇ ತಿಂಗಳು ಬಂತೆಂದರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಹಿಮಾಲಯಕ್ಕೆ ಮೊದಲ ಸಲ ಹೋಗ್ತಿದ್ದೀನಿ, ಬ್ಯಾಗ್ ಹೇಗೆ ಪ್ಯಾಕ್ ಮಾಡ್ಲಿ?" ಏನೇನು ತರಬೇಕು ಎಂಬ ಪಟ್ಟಿಯನ್ನು ಚಾರಣ ಸಂಸ್ಥೆಯವರೇ ಕಳಿಸಿರುತ್ತಾರೆ. ಆ ಪಟ್ಟಿಯಲ್ಲಿ ಇರುವುದನ್ನೆಲ್ಲ ಜನ ಕೊಂಡು ತಂದೂ ಇರುತ್ತಾರೆ. ಯಾವುದನ್ನು ಎಲ್ಲಿ ಇಡಬೇಕು ಅನ್ನುವುದು ಮಾತ್ರ ಆ ಪಟ್ಟಿಯಲ್ಲಿ ಇರುವುದಿಲ್ಲ. ದಾರಿಯಲ್ಲಿ ಮಳೆ ಶುರುವಾದಾಗ ರೈನ್‌ಕೋಟ್ ಬ್ಯಾಗಿನ ತಳದಲ್ಲಿರುತ್ತದೆ. ಅದನ್ನು ಎಳೆಯಲು ಹೋಗಿ ಉಳಿದ ಬಟ್ಟೆಯೂ ನೆನೆಯುತ್ತದೆ. ನನ್ನ ಮೊದಲ ಚಾರಣದಲ್ಲಿ ಹೀಗೇ ಆಯಿತು. ಆ ರಾತ್ರಿ ಒದ್ದೆ ಥರ್ಮಲ್‌ನಲ್ಲೇ, ಅಂದರೆ ಚಳಿಗೆ ಮೈಗಂಟಿದಂತೆ ಒಳಗೆ ಹಾಕುವ ಬಟ್ಟೆಯಲ್ಲೇ, ಮಲಗಿ ಬೆಳಗಿನವರೆಗೂ ನಡುಗಿದ್ದೆ.

ಆಮೇಲಿನಿಂದ ಬ್ಯಾಗಿಗೆ ಹಾಕುವ ಪ್ರತಿ ವಸ್ತುವಿನ ಬಗ್ಗೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದು ಬೇಕಾಗುವ ಹೊತ್ತಿಗೆ ನಾನು ಯಾವ ಸ್ಥಿತಿಯಲ್ಲಿರುತ್ತೇನೆ? ಮಳೆ ಸುರಿಯುತ್ತಿರುತ್ತದಾ? ಕತ್ತಲಾಗಿರುತ್ತದಾ? ಬೆರಳು ಮರಗಟ್ಟಿರುತ್ತದಾ? ಡೇರೆಯೊಳಗೆ ಆರಾಮಾಗಿ ಕೂತಾಗ ಬೇಕಾಗುವುದು ತಳಕ್ಕೆ ಹೋಗಲಿ, ಪರವಾಗಿಲ್ಲ. ಕಷ್ಟದ ಹೊತ್ತಿನಲ್ಲಿ ಬೇಕಾಗುವುದು ಮಾತ್ರ ಕಣ್ಣು ಮುಚ್ಚಿ ಕೈ ಹಾಕಿದರೂ ಸಿಗಬೇಕು.

ಉದಾಹರಣೆಗೆ ಹಂಪ್ಟಾ ಪಾಸ್ ತೆಗೆದುಕೊಂಡಿದ್ದೇನೆ. ಪಾಸ್ ಎಂದರೆ ಒಂದು ಕಣಿವೆಯಿಂದ ಇನ್ನೊಂದಕ್ಕೆ ದಾಟಲು ಬೆಟ್ಟಸಾಲಿನಲ್ಲಿ ಇರುವ ತಗ್ಗು. ಹಿಮಾಚಲ ಪ್ರದೇಶದ ಮನಾಲಿ ಹತ್ತಿರದ ಜೋಬ್ರಾದಿಂದ ನಡಿಗೆ ಶುರುವಾಗುತ್ತದೆ. ಚಿಕಾ, ಬಾಲು ಕಾ ಘೇರಾ ಶಿಬಿರಗಳನ್ನು ದಾಟಿ ಸುಮಾರು 4,270 ಮೀಟರ್ ಎತ್ತರದ ಪಾಸ್ ಹತ್ತಬೇಕು. ಆಚೆ ಬದಿ ಶಿಯಾ ಗೋರುವಿಗೆ ಇಳಿದು ಛತ್ರು ತಲುಪುತ್ತೀರಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅದರ ಎರಡರಷ್ಟಕ್ಕಿಂತ ಜಾಸ್ತಿ ಎತ್ತರ ಇದು. ಕುಲ್ಲು ಬದಿಯಲ್ಲಿ ಹಸಿರು, ಕಾಡು, ಮಳೆ. ಪಾಸ್ ದಾಟಿದರೆ ಲಾಹೌಲ್, ಬೋಳು ಬೆಟ್ಟ, ಒಣ ಗಾಳಿ. ನಡುವೆ ಹಿಮ, ಬಂಡೆರಾಶಿ, ಮಂಜು ಕರಗಿ ಹರಿಯುವ ಹೊಳೆ. ನಾಲ್ಕೈದು ದಿನದಲ್ಲಿ ಎಲ್ಲ ಥರದ ಹವೆಯೂ ಸಿಗುವುದರಿಂದ ಬ್ಯಾಗ್ ತುಂಬುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಕಷ್ಟ. ಬೇರೆ ಚಾರಣಕ್ಕೆ ಹೋಗುವವರಿಗೂ ಕ್ರಮ ಇದೇ.

ಶುರು ಮಾಡುವ ಮುಂಚೆ: ನಾಲ್ಕು ಪದ

ಚಾರಣದ ಬ್ಯಾಗಿಗೆ ರಕ್‌ಸ್ಯಾಕ್ ಅನ್ನುತ್ತಾರೆ. ಇದರಲ್ಲಿ ನಿಮಗೆ ಗೊತ್ತಿರಬೇಕಾದ ಭಾಗಗಳು ನಾಲ್ಕು. ಸೊಂಟಕ್ಕೆ ಕಟ್ಟುವ ದಪ್ಪ ಪಟ್ಟಿ ಹಿಪ್ ಬೆಲ್ಟ್. ಭುಜಪಟ್ಟಿಯ ಮೇಲ್ತುದಿಯಿಂದ ಬ್ಯಾಗಿನ ತಲೆಗೆ ಹೋಗುವ ಸಣ್ಣ ಪಟ್ಟಿ ಲೋಡ್ ಲಿಫ್ಟರ್. ಬ್ಯಾಗನ್ನು ಬಿಗಿಯಲು ಬದಿಯಲ್ಲಿರುವವು ಕಂಪ್ರೆಷನ್ ಪಟ್ಟಿಗಳು. ಬ್ಯಾಗಿನ ಬಾಯಿ ಮುಚ್ಚುವ, ಒಳಗೆ ಜೇಬಿರುವ ಮುಚ್ಚಳ ಟಾಪ್ ಲಿಡ್. ಮುಂದೆ ಈ ಹೆಸರುಗಳು ಮತ್ತೆ ಮತ್ತೆ ಬರುತ್ತವೆ.

ಹಂತ 1: ಬ್ಯಾಗ್ ನಿಮ್ಮ ಬೆನ್ನಿಗೆ ಸರಿಯಾಗಿದೆಯಾ ನೋಡಿ

ಡೇರೆ, ಸ್ಲೀಪಿಂಗ್ ಬ್ಯಾಗ್, ಅಡುಗೆ ಸಾಮಾನು ಸಂಸ್ಥೆಯವರದೇ ಆದರೆ 50 ಲೀಟರ್ ಬ್ಯಾಗ್ ಸಾಕು. ಎಲ್ಲವನ್ನೂ ನೀವೇ ಹೊರುವುದಾದರೆ 60 ಲೀಟರ್ ಬೇಕಾಗುತ್ತದೆ. ಅದಕ್ಕಿಂತ ದೊಡ್ಡದು ಬೇಡ. ಜಾಗ ಇದೆ ಅಂತ ಕಂಡರೆ ಮನಸ್ಸು ಏನಾದರೂ ತುರುಕುತ್ತಲೇ ಇರುತ್ತದೆ.

ಲೀಟರಿಗಿಂತ ಮುಖ್ಯ ಬೆನ್ನಿನ ಅಳತೆ. ತಲೆ ಬಗ್ಗಿಸಿ ಕತ್ತಿನ ಬುಡ ಮುಟ್ಟಿ ನೋಡಿ. ಅಲ್ಲೊಂದು ಮೂಳೆ ಉಬ್ಬಿ ಕೈಗೆ ಸಿಗುತ್ತದೆ. ಅಲ್ಲಿಂದ ಸೊಂಟದ ಮೂಳೆಯ ಮೇಲಂಚಿನ ಮಟ್ಟದವರೆಗೆ ಯಾರಿಂದಾದರೂ ಟೇಪಿನಲ್ಲಿ ಅಳೆಸಿಕೊಳ್ಳಿ. ಬ್ಯಾಗ್ ಕೊಳ್ಳುವಾಗ ನೋಡಬೇಕಾದದ್ದು ಈ ಅಳತೆಯನ್ನೇ. ಎತ್ತರದ ಆಳಿಗೆ ಉದ್ದ ಬೆನ್ನೇ ಇರಬೇಕು ಅಂತಿಲ್ಲ, ಉದ್ದ ಕಾಲಿರಬಹುದು. ಅಂಗಡಿಯಲ್ಲಿ ಖಾಲಿ ಬ್ಯಾಗ್ ಹಾಕಿ ಕನ್ನಡಿ ನೋಡಿದರೆ ಏನೂ ತಿಳಿಯುವುದಿಲ್ಲ. ಏಳೆಂಟು ಕಿಲೋ ತೂಕ ಹಾಕಿಸಿಕೊಂಡು ಹತ್ತು ನಿಮಿಷ ಓಡಾಡಿ.

ಬಾಡಿಗೆ ಬ್ಯಾಗ್ ಆದರೂ ಪರವಾಗಿಲ್ಲ, ಬೆಂಗಳೂರಿನಲ್ಲೂ ಮನಾಲಿಯಲ್ಲೂ ಸಿಗುತ್ತದೆ. ಆದರೆ ಎಲ್ಲ ಬಕಲ್ ಹಾಕಿ ತೆಗೆದು, ಜಿಪ್ ಎಳೆದು ನೋಡಿಯೇ ತನ್ನಿ. ಹಿಪ್ ಬೆಲ್ಟಿನ ಬಕಲ್ ಒಡೆದ ಬ್ಯಾಗಿನಲ್ಲಿ ಪಾಸ್ ಹತ್ತುವುದೆಂದರೆ ಇಡೀ ಭಾರವನ್ನು ಭುಜದ ಮೇಲೆ ಹೊತ್ತಂತೆ.

ಹಂತ 2: ಎಲ್ಲವನ್ನೂ ಚಾಪೆ ಮೇಲೆ ಹರಡಿ, ತೂಗಿ

ಹೊರಡುವ ಹಿಂದಿನ ರಾತ್ರಿ ಇದನ್ನು ಮಾಡಬೇಡಿ. ಒಂದು ವಾರ ಮೊದಲು ಒಂದು ಭಾನುವಾರ ಇಟ್ಟುಕೊಳ್ಳಿ. ಚಾಪೆ ಹಾಸಿ, ತೆಗೆದುಕೊಂಡು ಹೋಗಬೇಕು ಅಂದುಕೊಂಡ ಎಲ್ಲವನ್ನೂ ಹರಡಿ. ಕಣ್ಣಿಗೆ ಕಂಡಾಗಲೇ ಜಾಸ್ತಿ ಯಾವುದು ಅಂತ ತಿಳಿಯುವುದು.

ಲೆಕ್ಕ ಸರಳ. ತುಂಬಿದ ಬ್ಯಾಗ್ ನಿಮ್ಮ ತೂಕದ ಐದನೇ ಒಂದು ಭಾಗ ಮೀರಬಾರದು. 60 ಕಿಲೋ ಇದ್ದವರಿಗೆ 12 ಕಿಲೋ, ಅದೂ ನೀರು ಸೇರಿ. ಎರಡು ಲೀಟರ್ ನೀರೇ 2 ಕಿಲೋ ಆಯಿತಲ್ವಾ? ಹಾಗಾಗಿ ಒಣ ಸಾಮಾನು 10 ಕಿಲೋ ಒಳಗಿರಬೇಕು. ಸಂಸ್ಥೆಯ ಜೊತೆ ಹೋಗುವವರಿಗೆ 8 ಕಿಲೋದಲ್ಲಿ ಎಲ್ಲ ಮುಗಿಯುತ್ತದೆ. ತೂಗಲು ಬೇರೆ ಯಂತ್ರ ಬೇಡ. ಮನೆಯ ತೂಕದ ಯಂತ್ರದ ಮೇಲೆ ಬ್ಯಾಗ್ ಹೊತ್ತು ನಿಂತು, ಬ್ಯಾಗ್ ಇಳಿಸಿ ಮತ್ತೆ ನಿಂತು, ಕಳೆದುಬಿಡಿ.

ಐದು ದಿನಕ್ಕೆ ಬಟ್ಟೆ ಎಷ್ಟು? ಮೈಮೇಲೆ ಇರುವುದು ಸೇರಿ ಬೇಗ ಒಣಗುವ ಫುಲ್ ಸ್ಲೀವ್ ಟೀ ಶರ್ಟ್ ಮೂರು, ಟ್ರೆಕ್ ಪ್ಯಾಂಟ್ ಎರಡು. ಥರ್ಮಲ್ ಒಂದು ಜೊತೆ, ಫ್ಲೀಸ್ ಅನ್ನುವ ಮೆತ್ತಗಿನ ಬೆಚ್ಚನೆಯ ಜಾಕೆಟ್ ಒಂದು, ಹತ್ತಿಯಂತೆ ಉಬ್ಬಿದ ಪ್ಯಾಡೆಡ್ ಜಾಕೆಟ್ ಒಂದು, ರೈನ್‌ಕೋಟ್ ಮತ್ತು ರೈನ್ ಪ್ಯಾಂಟ್. ಸಾಕ್ಸ್ ನಾಲ್ಕು ಜೊತೆ, ಅದರಲ್ಲೊಂದು ದಪ್ಪ ಉಣ್ಣೆಯದು. ಕೈಗವಸು ಎರಡು ಜೊತೆ, ಕಿವಿ ಮುಚ್ಚುವ ಟೋಪಿ. ಇಷ್ಟೇ. ದಿನಕ್ಕೊಂದು ಬಟ್ಟೆ ಅನ್ನುವ ಮದುವೆಮನೆ ಲೆಕ್ಕ ಇಲ್ಲಿ ಬೇಡ.

ಜೀನ್ಸ್ ಪೂರ್ತಿ ಬಿಡಿ. ಮೈಗೆ ಅಂಟುವ ಹತ್ತಿ ಬನಿಯನ್, ಹತ್ತಿ ಟೀ ಶರ್ಟ್ ಕೂಡ. ನಮ್ಮೂರಿನ ಸೆಕೆಗೆ ಹತ್ತಿಯಂಥದ್ದು ಇನ್ನೊಂದಿಲ್ಲ, ನಿಜ. ಆದರೆ ಅದು ಬೆವರು ಕುಡಿದು ಒದ್ದೆಯಾಗಿಯೇ ಇರುತ್ತದೆ. 4,000 ಮೀಟರಿನಲ್ಲಿ ನಿಂತ ತಕ್ಷಣ ಆ ಒದ್ದೆ ಬಟ್ಟೆ ಮೈಯ ಬಿಸಿಯನ್ನು ಎಳೆದುಬಿಡುತ್ತದೆ.

ಹಂತ 3: ಬ್ಯಾಗಿನ ಒಳಗೊಂದು ಪ್ಲಾಸ್ಟಿಕ್ ಚೀಲ

ಬ್ಯಾಗಿನ ಜೊತೆ ಬರುವ ರೈನ್ ಕವರ್ ಸಾಕು ಅಂತ ತುಂಬಾ ಜನ ನಂಬಿರುತ್ತಾರೆ. ಸಾಕಾಗುವುದಿಲ್ಲ. ರೈನ್ ಕವರ್ ಮುಚ್ಚುವುದು ಬ್ಯಾಗಿನ ಹೊರಮೈಯನ್ನು. ನಿಮ್ಮ ಬೆನ್ನಿಗೆ ತಾಗುವ ಬದಿ ಬಯಲಾಗಿಯೇ ಇರುತ್ತದೆ. ಕತ್ತಿನಿಂದ ಇಳಿದ ನೀರು ಬೆನ್ನಗುಂಟ ಹೋಗಿ, ಭುಜಪಟ್ಟಿಯ ಹೊಲಿಗೆಯಿಂದ ಒಳಗೆ ಇಳಿಯುತ್ತದೆ. ಜೋರು ಗಾಳಿಗೆ ಕವರೇ ಕಿತ್ತುಕೊಂಡು ಹೋಗುವುದೂ ಉಂಟು.

ಉಪಾಯ ಅಗ್ಗದ್ದು. ದೊಡ್ಡ, ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಖಾಲಿ ಬ್ಯಾಗಿನೊಳಗೆ ಇಳಿಬಿಡಿ. ಅದರ ಬಾಯಿ ಬ್ಯಾಗಿನ ಬಾಯಿಗಿಂತ ಒಂದು ಮೊಳ ಮೇಲಿರಬೇಕು. ದೊಡ್ಡ ಸೈಜಿನ ಕಸದ ಚೀಲದಲ್ಲಿ ದಪ್ಪನೆಯದು ಸಿಕ್ಕರೆ ಸರಿ, ಇಲ್ಲದಿದ್ದರೆ ಎರಡನ್ನು ಒಂದರೊಳಗೊಂದು ಹಾಕಿ. ಊರಲ್ಲಿ ಗೊಬ್ಬರದ ಮೂಟೆಯ ಒಳಗೆ ಬರುವ ಪ್ಲಾಸ್ಟಿಕ್ ಗಟ್ಟಿಯಾಗಿರುತ್ತದೆ, ಆದರೆ ಬಟ್ಟೆಗೆ ಅದು ಬೇಡ, ಗೊಬ್ಬರದ ಪುಡಿ ಅಂಟಿರುತ್ತದೆ. ಎಲ್ಲ ತುಂಬಿದ ಮೇಲೆ ಗಾಳಿ ಹೊರಗೆ ಒತ್ತಿ, ಬಾಯಿಯನ್ನು ಹಿಂಡಿದ ಬಟ್ಟೆಯ ಹಾಗೆ ತಿರುಚಿ, ಮಡಚಿ ಒಳಗೆ ಸಿಕ್ಕಿಸಿ. ಗಂಟು ಹಾಕಬೇಡಿ. ಮರಗಟ್ಟಿದ ಬೆರಳಿಗೆ ಗಂಟು ಬಿಚ್ಚಲಾಗುವುದಿಲ್ಲ.

ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಂಬಳಿಕೊಪ್ಪೆಯೊಳಗೆ ಬೆನ್ನು ಒಣಗಿರಬೇಕು ಅಂದರೆ ಹೊರಗಿನದ್ದು ಎಷ್ಟು ನೆನೆದರೂ ಸರಿಯೇ, ಒಳಗಿನದ್ದು ಉಳಿಯಬೇಕು. ಬ್ಯಾಗಿಗೂ ಅಷ್ಟೇ.

ಹಂತ 4: ಬಿಡಿ ವಸ್ತು ಬೇಡ, ಪೊಟ್ಟಣ ಮಾಡಿ

ಬಿಡಿಬಿಡಿಯಾಗಿ ತುಂಬಿದ ಬ್ಯಾಗ್ ಎರಡೇ ದಿನಕ್ಕೆ ಕಲಸುಮೇಲೋಗರ ಆಗುತ್ತದೆ. ನಾಲ್ಕೈದು ಸಣ್ಣ ಚೀಲ ಇಟ್ಟುಕೊಳ್ಳಿ. ಒಂದೊಂದೂ ಬೇರೆ ಬಣ್ಣದ್ದಾಗಿರಲಿ.

ಮೊದಲನೆಯದು ಮಲಗುವ ಚೀಲ: ಥರ್ಮಲ್, ಉಣ್ಣೆ ಸಾಕ್ಸ್, ಒಂದು ಒಣ ಟೀ ಶರ್ಟ್. ಈ ಚೀಲಕ್ಕೆ ಇನ್ನೂ ಒಂದು ಪ್ಲಾಸ್ಟಿಕ್ ಹೊದಿಕೆ ಕೊಡಿ. ಬೇರೆ ಏನು ನೆನೆದರೂ ಇದು ನೆನೆಯಬಾರದು. ಹಗಲು ಎಷ್ಟೇ ಚಳಿಯಾದರೂ ಇದರಿಂದ ಏನನ್ನೂ ತೆಗೆಯಬೇಡಿ. ಒಂದು ಜೊತೆ ಒಣ ಬಟ್ಟೆ ಇದ್ದರೆ ಎಂಥ ದಿನವನ್ನೂ ರಾತ್ರಿ ಸರಿಮಾಡಿಕೊಳ್ಳಬಹುದು.

ಎರಡನೆಯದು ನಡೆಯುವ ಬಟ್ಟೆ. ಮೂರನೆಯದು ತಿನಿಸು. ನಾಲ್ಕನೆಯದು ಔಷಧಿ, ಇದು ಕೆಂಪು ಬಣ್ಣದ್ದೇ ಆಗಿರಲಿ, ಜೊತೆಯವರಿಗೆಲ್ಲ ಅದು ಎಲ್ಲಿದೆ ಎಂದು ಮೊದಲ ದಿನವೇ ತೋರಿಸಿ. ನಿಮಗೇ ಹುಷಾರು ತಪ್ಪಿದರೆ ಬ್ಯಾಗಿಗೆ ಕೈ ಹಾಕುವವರು ಅವರೇ ತಾನೆ? ಐದನೆಯದು ಖಾಲಿ ಚೀಲ, ಒದ್ದೆ ಬಟ್ಟೆಗೆ. ಇದನ್ನು ತುಂಬಾ ಜನ ಮರೆಯುತ್ತಾರೆ. ಮೂರನೇ ದಿನ ಒದ್ದೆ ಸಾಕ್ಸನ್ನು ಎಲ್ಲಿಡುವುದೆಂದು ತಿಳಿಯದೆ ಒಣ ಬಟ್ಟೆಯ ಜೊತೆಗೇ ತುರುಕುತ್ತಾರೆ.

ಔಷಧಿ ಚೀಲದಲ್ಲಿ ನೀವು ದಿನಾ ತೆಗೆದುಕೊಳ್ಳುವ ಮಾತ್ರೆ, ಪ್ಯಾರಸಿಟಮಾಲ್, ಓಆರ್‌ಎಸ್ ಪುಡಿ, ಭೇದಿಗೆ ಒಂದು, ಗಾಯಕ್ಕೆ ಹಚ್ಚುವುದು, ಹತ್ತಿ, ಬ್ಯಾಂಡೇಜು, ಕಾಲಿನ ಬೊಕ್ಕೆಗೆ ಅಂಟಿಸುವ ಬಟ್ಟೆ ಟೇಪು ಇರಲಿ. ಎತ್ತರದ ಕಾಯಿಲೆಗೆ ಕೊಡುವ ಅಸಿಟಜೋಲಮೈಡ್ ಮಾತ್ರೆಯನ್ನು ನಿಮ್ಮ ವೈದ್ಯರನ್ನು ಕೇಳಿಯೇ ತನ್ನಿ. ಎತ್ತರದ ಕಾಯಿಲೆ ಎಂದರೆ ಗಾಳಿ ತೆಳುವಾದ ಜಾಗಕ್ಕೆ ಮೈ ಹೊಂದಿಕೊಳ್ಳದೆ ತಲೆನೋವು, ವಾಕರಿಕೆ, ಊಟ ಸೇರದಿರುವುದು ಶುರುವಾಗುವುದು. ಹಾಗಾದರೆ ಮುಚ್ಚಿಡಬೇಡಿ, ಗೈಡ್‌ಗೆ ಆ ಕ್ಷಣವೇ ಹೇಳಿ. ಆ ಲಕ್ಷಣ ಇಟ್ಟುಕೊಂಡು ಮೇಲಕ್ಕೆ ಹತ್ತಬೇಡಿ.

ತಿನಿಸಿನ ಬಗ್ಗೆ ನನ್ನ ಅನುಭವ ಹೇಳಿಬಿಡುತ್ತೇನೆ. ಚಕ್ಕುಲಿ, ನಿಪ್ಪಟ್ಟು ಎರಡೇ ದಿನಕ್ಕೆ ಪುಡಿಯಾಗುತ್ತವೆ. ಶೇಂಗಾ ಹೋಳಿಗೆ, ಅಂಟಿನುಂಡೆ, ಕಡಲೆಕಾಯಿ ಚಿಕ್ಕಿ ಒತ್ತಿದರೂ ಹಾಳಾಗುವುದಿಲ್ಲ, ಸಣ್ಣ ಜಾಗದಲ್ಲಿ ಜಾಸ್ತಿ ಶಕ್ತಿ. ರಾಗಿ ಹುರಿಹಿಟ್ಟು ಅರ್ಧ ಕಿಲೋ ಇದ್ದರೆ ಬಿಸಿನೀರು, ಬೆಲ್ಲ ಹಾಕಿ ಕಲಸಿದರೆ ಆಯಿತು, ಬೇಯಿಸುವುದೇ ಬೇಡ. ಒಂದು ಸಣ್ಣ ಡಬ್ಬಿ ಚಟ್ನಿಪುಡಿ ಖಂಡಿತ ಇರಲಿ. ಎತ್ತರದಲ್ಲಿ ಬಾಯಿ ರುಚಿ ಕೆಟ್ಟಾಗ ಅನ್ನ ಗಂಟಲಿಗೆ ಇಳಿಯುವುದು ಅದರಿಂದಲೇ.

ಹಂತ 5: ತಳದಿಂದ ಮೇಲಕ್ಕೆ ತುಂಬಿ

ಈಗ ಮುಖ್ಯ ಕೆಲಸ. ಬ್ಯಾಗನ್ನು ಗೋಡೆಗೆ ಒರಗಿಸಿ ನಿಲ್ಲಿಸಿ. ಬೆನ್ನಿನ ಬದಿ ನಿಮ್ಮ ಕಡೆ ಇರಲಿ.

ತಳ: ಹಗುರ, ಮೆತ್ತಗಿನದು, ಶಿಬಿರ ತಲುಪುವವರೆಗೆ ಬೇಡವಾದದ್ದು. ಮಲಗುವ ಚೀಲ ಇಲ್ಲಿಗೆ. ಸ್ಲೀಪಿಂಗ್ ಬ್ಯಾಗ್ ನಿಮ್ಮದೇ ಆದರೆ ಅದೂ ಇಲ್ಲಿಗೇ. ಸ್ಲೀಪಿಂಗ್ ಬ್ಯಾಗನ್ನು ಬಟ್ಟೆಯ ಹಾಗೆ ಮಡಚಬೇಡಿ. ಮುಷ್ಟಿ ಮುಷ್ಟಿಯಾಗಿ ಅದರ ಚೀಲಕ್ಕೆ ತುರುಕಿ. ಹಾಗೆ ಮಾಡಿದರೆ ಮೂಲೆಗಳೆಲ್ಲ ತುಂಬುತ್ತವೆ, ಪ್ರತಿಸಲ ಒಂದೇ ಗೆರೆಯಲ್ಲಿ ಮಡಿಕೆ ಬಿದ್ದು ಒಳಗಿನ ತುಂಬು ಸಾಯುವುದೂ ಇಲ್ಲ.

ನಡು, ಬೆನ್ನಿಗೆ ತಾಗಿದಂತೆ: ಅತಿ ಭಾರದ್ದು. ತಿನಿಸಿನ ಚೀಲ, ಹೆಚ್ಚಿಗೆ ನೀರಿನ ಬಾಟಲಿ, ಕ್ಯಾಮೆರಾ, ಒಲೆ, ಪಾತ್ರೆ. ಇದು ಯಾಕೆ ಅಂತ ಗೊತ್ತಾಗಬೇಕಾದರೆ ಒಂದು ಕೊಡ ನೀರು ಎತ್ತಿ ನೋಡಿ. ಸೊಂಟಕ್ಕೆ ಅಂಟಿಸಿಕೊಂಡಾಗ ಹೊರಬಹುದು, ಅದೇ ಕೊಡವನ್ನು ಕೈ ಚಾಚಿ ಹಿಡಿದರೆ ಹತ್ತು ಹೆಜ್ಜೆಗೆ ಕೈ ಸೋಲುತ್ತದೆ. ಭಾರ ಬೆನ್ನಿನಿಂದ ದೂರ ಹೋದಷ್ಟೂ ನಿಮ್ಮನ್ನು ಹಿಂದಕ್ಕೆ ಎಳೆಯುತ್ತದೆ. ನೀವು ಬಿದ್ದುಹೋಗದಿರಲು ಮುಂದಕ್ಕೆ ಬಾಗುತ್ತೀರಿ. ಸಂಜೆಗೆ ಸೊಂಟ, ಕತ್ತು ಎರಡೂ ಹಿಡಿದುಕೊಳ್ಳುತ್ತದೆ.

ಭಾರದ ವಸ್ತು ಹೆಗಲಿನ ಮೂಳೆಗಳ ನಡುವೆ, ಅಂದರೆ ಬ್ಯಾಗಿನ ಮಧ್ಯದಿಂದ ಸ್ವಲ್ಪ ಮೇಲಕ್ಕೆ ಬಂದರೆ ಸಪಾಟು ದಾರಿಯಲ್ಲಿ ನಡೆಯಲು ಸುಲಭ. ಹಂಪ್ಟಾದಂಥ ಬಂಡೆರಾಶಿ ದಾರಿಯಲ್ಲಿ ಅದನ್ನು ಒಂದು ಗೇಣು ಕೆಳಗಿಳಿಸಿ. ಭಾರ ತುಂಬಾ ಮೇಲಿದ್ದರೆ ಕಲ್ಲಿನಿಂದ ಕಲ್ಲಿಗೆ ಕಾಲಿಡುವಾಗ ಮೈ ವಾಲುತ್ತದೆ. ತುಂಬಾ ಹೆಣ್ಣುಮಕ್ಕಳಿಗೂ ಸ್ವಲ್ಪ ಕೆಳಗಿದ್ದರೇ ಹಿತ ಅನ್ನಿಸುತ್ತದೆ. ಎರಡೂ ಥರ ಹಾಕಿ ಮೆಟ್ಟಿಲು ಹತ್ತಿ ನೋಡಿ ನಿರ್ಧರಿಸಿ.

ನಡು, ಹೊರಬದಿ: ನಡೆಯುವ ಬಟ್ಟೆಯ ಚೀಲ ಇಲ್ಲಿ. ಭಾರದ ಸಾಮಾನಿನ ಸುತ್ತ ಉಳಿದ ಸಂದುಗಳಿಗೆ ಸಾಕ್ಸ್, ಟೋಪಿ ತುರುಕಿ. ಒಳಗೆ ಯಾವುದೂ ಅಲುಗಾಡಬಾರದು. ಪಾತ್ರೆ ಇದ್ದರೆ ಅದರ ಹೊಟ್ಟೆ ಖಾಲಿ ಬಿಡಬೇಡಿ, ಅದರಲ್ಲೂ ಏನಾದರೂ ಹಿಡಿಯುತ್ತದೆ. ಎಡ ಬಲ ತೂಕ ಸಮ ಇರಲಿ. ಒಂದು ಬದಿಗೆ ಒಂದು ಲೀಟರ್ ನೀರು ಜಾಸ್ತಿಯಾದರೂ ದಿನವಿಡೀ ಒಂದೇ ಭುಜ ನೋಯುತ್ತದೆ.

ಇಲ್ಲಿಗೆ ಪ್ಲಾಸ್ಟಿಕ್ ಚೀಲದ ಬಾಯಿ ತಿರುಚಿ ಮುಚ್ಚಿ. ಇದರ ಮೇಲೆ ಇಡುವುದೆಲ್ಲ ನೆನೆದರೂ ನಡೆಯುವಂಥದ್ದು, ಇಲ್ಲವೇ ಬೇರೆ ಕವರ್ ಇರುವಂಥದ್ದು.

ಮೇಲೆ: ಮೊದಲು ಪ್ಯಾಡೆಡ್ ಜಾಕೆಟ್, ಅದಕ್ಕೊಂದು ಪ್ಲಾಸ್ಟಿಕ್ ಕವರ್ ಹಾಕಿ. ಜಾಕೆಟ್ ಒಳಗೆ ಬಾತುಕೋಳಿ ಪುಕ್ಕ ಇರುವ ಡೌನ್ ಆದರಂತೂ ಮರೆಯಲೇಬೇಡಿ. ಪುಕ್ಕ ಒದ್ದೆಯಾದರೆ ಮುದ್ದೆಯಾಗುತ್ತದೆ, ಆಮೇಲೆ ಅದರಲ್ಲಿ ಬಿಸಿ ನಿಲ್ಲುವುದಿಲ್ಲ. ವಿಶ್ರಾಂತಿಗೆ ನಿಂತ ತಕ್ಷಣ ಇದು ಬೇಕು, ಬೆವರು ಆರುವ ಮೊದಲೇ. ಅದರ ಮೇಲೆ ಔಷಧಿ ಚೀಲ. ಎಲ್ಲಕ್ಕಿಂತ ಮೇಲೆ ರೈನ್‌ಕೋಟ್. ಬೆಳಗ್ಗೆ ಬಿಸಿಲು ಇದ್ದರೂ ಅದರ ಜಾಗ ಅದೇ. ಜುಲೈ, ಆಗಸ್ಟಿನಲ್ಲಿ ಕುಲ್ಲು ಬದಿಯ ಮಳೆ ಹೇಳಿ ಕೇಳಿ ಬರುವುದಿಲ್ಲ.

ಹಂತ 6: ಹೊರಗಿನ ಜೇಬುಗಳು

ಟಾಪ್ ಲಿಡ್‌ನಲ್ಲಿ ಹೆಡ್‌ಟಾರ್ಚ್, ಕೈಗವಸು, ಸನ್‌ಸ್ಕ್ರೀನ್, ಟಾಯ್ಲೆಟ್ ಪೇಪರ್, ಗಟ್ಟಿ ಡಬ್ಬಿಯಲ್ಲಿ ಕೂಲಿಂಗ್ ಗ್ಲಾಸ್. ಹೆಡ್‌ಟಾರ್ಚ್ ಎಂದರೆ ಹಣೆಗೆ ಕಟ್ಟುವ ದೀಪ. ಬ್ಯಾಗಿನೊಳಗೆ ಅದರ ಬಟನ್ ಒತ್ತಿಹೋಗಿ ಬ್ಯಾಟರಿ ಖಾಲಿಯಾಗುವುದು ತುಂಬಾ ಸಾಮಾನ್ಯ. ಸೆಲ್ ಹಾಕುವಂಥದ್ದಾದರೆ ಹಗಲು ಒಂದು ಸೆಲ್ ತಿರುಗಿಸಿ ಹಾಕಿಡಿ. ಚಾರ್ಜ್ ಮಾಡುವಂಥದ್ದಾದರೆ ಲಾಕ್ ಇದೆಯಾ ನೋಡಿ. ಕೂಲಿಂಗ್ ಗ್ಲಾಸ್ ಶೋಕಿಗೆ ಅಲ್ಲ. ಹಿಮದ ಮೇಲಿನ ಬಿಸಿಲು ಬರಿಗಣ್ಣಿಗೆ ಬಿದ್ದರೆ ಕಣ್ಣು ಉರಿದು, ನೀರು ಸುರಿದು, ತಾತ್ಕಾಲಿಕವಾಗಿ ಕಾಣದೆಯೂ ಹೋಗಬಹುದು.

ಪಕ್ಕದ ಜೇಬಿಗೆ ಒಂದೊಂದು ಲೀಟರಿನ ಎರಡು ಬಾಟಲಿ, ಎರಡೂ ಬದಿಗೆ ಒಂದೊಂದು. ಪೈಪ್ ಇರುವ ನೀರಿನ ಚೀಲ ಕೆಲವರಿಗೆ ಇಷ್ಟ. ನನಗೆ ಬಾಟಲಿಯೇ ಸರಿ. ಚಳಿಯಲ್ಲಿ ಪೈಪಿನ ನೀರು ಹೆಪ್ಪುಗಟ್ಟುತ್ತದೆ, ಚೀಲ ಸೋರಿದರೆ ಬ್ಯಾಗಿನೊಳಗೇ ಕೆರೆ. ಸ್ಟೀಲ್ ಅಥವಾ ಗಟ್ಟಿ ಬಾಟಲಿಗೆ ರಾತ್ರಿ ಬಿಸಿನೀರು ತುಂಬಿ, ಮುಚ್ಚಳ ಚೆನ್ನಾಗಿ ತಿರುಗಿಸಿ, ಸಾಕ್ಸಿನೊಳಗೆ ಹಾಕಿ ಸ್ಲೀಪಿಂಗ್ ಬ್ಯಾಗಿನಲ್ಲಿ ಕಾಲ ಬಳಿ ಇಟ್ಟುಕೊಂಡರೆ ಅದರ ಸುಖವೇ ಬೇರೆ.

ಹಿಪ್ ಬೆಲ್ಟಿನ ಸಣ್ಣ ಜೇಬಿಗೆ ಎರಡು ಚಿಕ್ಕಿ, ತುಟಿಗೆ ಹಚ್ಚುವ ಮುಲಾಮು, ಫೋನ್. ಬ್ಯಾಗ್ ಇಳಿಸದೆ ತಿನ್ನಲು ಸಾಧ್ಯವಾದರೆ ಮಾತ್ರ ಜನ ಹೊತ್ತು ಹೊತ್ತಿಗೆ ತಿನ್ನುವುದು.

ಹೊರಗೆ ಏನನ್ನೂ ನೇತುಹಾಕಬೇಡಿ. ಲೋಟ, ಟವೆಲ್, ಚಪ್ಪಲಿ ಎಲ್ಲ ತೂಗಾಡುತ್ತ ಹೋಗುವವರನ್ನು ನೋಡಿರುತ್ತೀರಿ. ಕೊಂಬೆಗೆ ಸಿಕ್ಕುತ್ತದೆ, ಬಂಡೆ ಇಳಿಯುವಾಗ ತೂಗಿ ಮೈಯನ್ನೇ ಎಳೆಯುತ್ತದೆ. ಹೊಳೆ ದಾಟುವ ಚಪ್ಪಲಿ ಒಂದು ಮಾತ್ರ ಹೊರಗಿರಬಹುದು, ಅದೂ ಕಂಪ್ರೆಷನ್ ಪಟ್ಟಿಯ ಕೆಳಗೆ ಬಿಗಿಯಾಗಿ.

ಹಂತ 7: ಹೊತ್ತುಕೊಳ್ಳುವ ಕ್ರಮ, ಮತ್ತೆ ಕತ್ತಲ ಪರೀಕ್ಷೆ

ತುಂಬಿದ ಬ್ಯಾಗನ್ನು ಒಂದೇ ಪಟ್ಟಿ ಹಿಡಿದು ನೆಲದಿಂದ ಭುಜಕ್ಕೆ ಎಸೆದುಕೊಳ್ಳಬೇಡಿ. ಬೆನ್ನು ಉಳುಕುವುದೇ ಆಗ. ಒಂದು ಕಾಲು ಮುಂದಿಟ್ಟು, ಮಂಡಿ ಬಗ್ಗಿಸಿ, ಬ್ಯಾಗನ್ನು ಮೊದಲು ತೊಡೆಯ ಮೇಲೆ ತನ್ನಿ. ಅಲ್ಲಿಂದ ಒಂದು ಭುಜಕ್ಕೆ, ಆಮೇಲೆ ಇನ್ನೊಂದಕ್ಕೆ.

ಪಟ್ಟಿ ಬಿಗಿಯುವುದಕ್ಕೂ ಕ್ರಮ ಇದೆ. ಎಲ್ಲ ಪಟ್ಟಿ ಸಡಿಲ ಬಿಟ್ಟು ಶುರು ಮಾಡಿ. ಮೊದಲು ಹಿಪ್ ಬೆಲ್ಟ್: ಹೊಟ್ಟೆಯ ಮೇಲಲ್ಲ, ಸೊಂಟದ ಎರಡು ಮೂಳೆಗಳ ಮೇಲೆ ಕೂರಬೇಕು. ಬಿಗಿದ ಮೇಲೆ ಬಹುಪಾಲು ಭಾರ ಸೊಂಟಕ್ಕೆ ಇಳಿದದ್ದು ಗೊತ್ತಾಗುತ್ತದೆ. ನಂತರ ಭುಜಪಟ್ಟಿ, ಬೆನ್ನಿಗೆ ಬ್ಯಾಗ್ ತಾಗುವಷ್ಟು ಮಾತ್ರ. ಆಮೇಲೆ ಲೋಡ್ ಲಿಫ್ಟರ್ ಮೆಲ್ಲಗೆ ಎಳೆಯಿರಿ, ಬ್ಯಾಗಿನ ತಲೆ ನಿಮ್ಮ ಕಡೆ ವಾಲುತ್ತದೆ. ಕೊನೆಗೆ ಎದೆಪಟ್ಟಿ, ಉಸಿರಾಟಕ್ಕೆ ಅಡ್ಡಿಯಾಗದಂತೆ. ಈಗ ಭುಜಪಟ್ಟಿಯ ಕೆಳಗೆ ಎರಡು ಬೆರಳು ತೂರಿಸಿ ನೋಡಿ. ಸುಲಭವಾಗಿ ಹೋದರೆ ಸರಿ ಇದೆ.

ಹಾಗೇ ಅಪಾರ್ಟ್‌ಮೆಂಟಿನ ಮೆಟ್ಟಿಲನ್ನು ಅರ್ಧ ಗಂಟೆ ಹತ್ತಿ ಇಳಿಯಿರಿ. ಬೆಂಗಳೂರಿನವರು ಒಂದು ಬೆಳಗ್ಗೆ ಸುಲ್ತಾನಪೇಟೆ ಕಡೆಯಿಂದ ನಂದಿ ಬೆಟ್ಟದ ಮೆಟ್ಟಿಲು ಹತ್ತಬಹುದು. ಎಲ್ಲಿ ಒತ್ತುತ್ತದೆ, ಯಾವುದು ಅಲುಗುತ್ತದೆ ಅಂತ ಊರಲ್ಲೇ ತಿಳಿಯಲಿ.

ಇನ್ನು ಕತ್ತಲ ಪರೀಕ್ಷೆ. ನಾನು ಪ್ರತಿಸಲ ಮಾಡುತ್ತೇನೆ, ನೀವೂ ಮಾಡಿ. ರಾತ್ರಿ ಕೋಣೆಯ ದೀಪ ಆರಿಸಿ, ಕೈಗೆ ಉಣ್ಣೆಯ ಗವಸು ಹಾಕಿಕೊಂಡು, ಬ್ಯಾಗಿನಿಂದ ಹೆಡ್‌ಟಾರ್ಚ್ ತೆಗೆಯಿರಿ. ಆಮೇಲೆ ರೈನ್‌ಕೋಟ್, ಆಮೇಲೆ ಔಷಧಿ ಚೀಲ. ಯಾವುದಕ್ಕೂ ಒಂದು ನಿಮಿಷ ಮೀರಬಾರದು, ಬೇರೆ ಯಾವುದೂ ಹೊರಗೆ ಬೀಳಬಾರದು. ಬಿದ್ದರೆ ಹಂತ 5ಕ್ಕೆ ವಾಪಸ್.

ಹಂತ 8: ವಿಮಾನ ಮತ್ತು ಬಸ್ಸು

ದೆಹಲಿ ಅಥವಾ ಚಂಡೀಗಢದವರೆಗೆ ವಿಮಾನ, ಅಲ್ಲಿಂದ ರಾತ್ರಿ ಬಸ್ಸು. ನಮ್ಮವರು ಸಾಮಾನ್ಯವಾಗಿ ಹೋಗುವುದು ಹೀಗೇ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಬ್ಯಾಗಿನಲ್ಲಿ ಬಿಡುವುದಿಲ್ಲ. ಟ್ರೆಕಿಂಗ್ ಕೋಲು, ಚಾಕು ಚೆಕ್-ಇನ್‌ಗೆ. ಒಲೆಯ ಗ್ಯಾಸ್ ಡಬ್ಬಿ ಎರಡರಲ್ಲೂ ನಿಷಿದ್ಧ. ಅದು ಬೇಕಿದ್ದರೆ ಮನಾಲಿಯಲ್ಲೇ ಕೊಳ್ಳಿ. ಲೈಟರ್, ಬೆಂಕಿಪೊಟ್ಟಣವೂ ಅಷ್ಟೇ.

ಚಾರಣದ ಶೂ ಕಾಲಿಗೇ ಹಾಕಿಕೊಂಡು ವಿಮಾನ ಹತ್ತಿ. ಬ್ಯಾಗ್ ತಡವಾಗಿ ಬಂದರೂ ಬೇರೆಲ್ಲ ಬಾಡಿಗೆಗೆ ಸಿಗುತ್ತದೆ, ನಿಮ್ಮ ಕಾಲಿಗೆ ಪಳಗಿದ ಶೂ ಸಿಗುವುದಿಲ್ಲ. ದಿನದ ಮಾತ್ರೆ, ಗುರುತಿನ ಚೀಟಿ ಕೂಡ ಕೈಯಲ್ಲೇ ಇರಲಿ.

ನೇತಾಡುವ ಪಟ್ಟಿಗಳು ವಿಮಾನ ನಿಲ್ದಾಣದ ಬೆಲ್ಟಿಗೆ ಸಿಕ್ಕಿ ಹರಿಯುತ್ತವೆ. ಹಿಪ್ ಬೆಲ್ಟನ್ನು ಹಿಂದಕ್ಕೆ ತಿರುಗಿಸಿ ಬ್ಯಾಗಿನ ಸುತ್ತ ಬಕಲ್ ಹಾಕಿ. ಎಲ್ಲ ಪಟ್ಟಿ ಒಳಗೆ ಸಿಕ್ಕಿಸಿ, ಇಡೀ ಬ್ಯಾಗನ್ನು ಒಂದು ಗೋಣಿ ಅಥವಾ ದೊಡ್ಡ ಬಟ್ಟೆ ಚೀಲದೊಳಗೆ ಹಾಕಿದರೆ ನಿಶ್ಚಿಂತೆ.

ಹಂತ 9: ದಾರಿಯಲ್ಲಿ ಬದಲಾಗುವುದು

ಜೋಬ್ರಾದಲ್ಲಿ ತುಂಬಿದ್ದನ್ನು ಛತ್ರುವಿನವರೆಗೆ ಹಾಗೇ ಇಡಲಾಗುವುದಿಲ್ಲ. ಹಿಂದಿನ ಸಂಜೆಯೇ ನಾಳೆಯ ದಾರಿ ಹೇಗಿದೆ ಅಂತ ಗೈಡನ್ನು ಕೇಳಿ, ಮಲಗುವ ಮುಂಚೆ ಮೇಲಿನ ಪದರ ಬದಲಿಸಿ.

ಹೊಳೆ ದಾಟುವ ದಿನ ಚಪ್ಪಲಿ ಕೈಗೆ ಸಿಗುವಂತಿರಲಿ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಬೇಕು. ಹವಾಯಿ ಚಪ್ಪಲಿ ಮೊದಲ ಸೆಳೆತಕ್ಕೇ ಹೋಗುತ್ತದೆ. ಫೋನ್, ಪರ್ಸು ಪ್ಲಾಸ್ಟಿಕ್ ಚೀಲದ ಒಳಗೆ. ನೀರಿಗೆ ಇಳಿಯುವ ಮೊದಲು ಹಿಪ್ ಬೆಲ್ಟ್, ಎದೆಪಟ್ಟಿ ಎರಡರ ಬಕಲ್ ತೆಗೆಯಿರಿ. ಇದನ್ನು ದಯವಿಟ್ಟು ಮರೆಯಬೇಡಿ. ಬಿದ್ದರೆ ಬ್ಯಾಗಿನಿಂದ ಬಿಡಿಸಿಕೊಳ್ಳಲು ಆಗಬೇಕು, ಇಲ್ಲದಿದ್ದರೆ ನೀರು ತುಂಬಿದ ಬ್ಯಾಗೇ ನಿಮ್ಮನ್ನು ಒತ್ತಿ ಹಿಡಿಯುತ್ತದೆ. ಇಂಥ ಹೊಳೆಗಳಲ್ಲಿ ಬೆಳಗ್ಗೆ ನೀರು ಕಡಿಮೆ. ಬಿಸಿಲೇರಿ ಹಿಮ ಕರಗಿದಂತೆ ಮಧ್ಯಾಹ್ನ ಏರುತ್ತದೆ. ಗೈಡ್ ಬೇಗ ಹೊರಡಿ ಅಂದರೆ ಕಾರಣ ಇದೇ.

ಪಾಸ್ ದಾಟುವ ದಿನ ಎಲ್ಲಕ್ಕಿಂತ ಉದ್ದದ ದಿನ. ಎರಡು ಲೀಟರ್ ನೀರು, ಒಂದು ಹೊತ್ತಿನ ಪೊಟ್ಟಣ ಊಟ ಮೇಲೆ. ಹಿಮ ಇದ್ದರೆ ಮೈಕ್ರೋಸ್ಪೈಕ್, ಅಂದರೆ ಶೂಗೆ ಹಾಕುವ ಮುಳ್ಳಿನ ಸರಪಳಿ, ಮತ್ತು ಗೇಟರ್, ಅಂದರೆ ಶೂ ಒಳಗೆ ಹಿಮ ಹೋಗದಂತೆ ಮೊಣಕಾಲಿನ ಕೆಳಗೆ ಕಟ್ಟುವ ಹೊದಿಕೆ, ಎರಡೂ ಮೇಲೇ ಇರಲಿ. ಮುಳ್ಳು ಬೇರೆಯದನ್ನು ಹರಿಯದಂತೆ ಸ್ಪೈಕನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ.

ಪ್ರತಿ ರಾತ್ರಿ ಫೋನ್, ಪವರ್ ಬ್ಯಾಂಕ್, ಹೆಡ್‌ಟಾರ್ಚ್ ಮೂರೂ ಸ್ಲೀಪಿಂಗ್ ಬ್ಯಾಗಿನೊಳಗೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ತಿನಿಸಿನ ಖಾಲಿ ಕವರುಗಳೆಲ್ಲ ಒಂದೇ ಚೀಲದಲ್ಲಿ ಸೇರಿ ನಿಮ್ಮ ಜೊತೆಗೇ ಕೆಳಗಿಳಿಯಲಿ. ಅಲ್ಲಿ ಕಸ ಎತ್ತುವವರು ಯಾರೂ ಇಲ್ಲ.

ಬ್ಯಾಗನ್ನು ಹೇಸರಗತ್ತೆಗೆ ಕೊಡುವುದಾದರೆ

ಹಣ ಕೊಟ್ಟರೆ ದೊಡ್ಡ ಬ್ಯಾಗನ್ನು ಹೇಸರಗತ್ತೆ ಹೊರುತ್ತದೆ. ಮಂಡಿ ನೋವಿರುವವರು ಹಿಂಜರಿಯಬೇಡಿ. ಆದರೆ ಆಗಲೂ 20 ಲೀಟರಿನ ಸಣ್ಣ ಬ್ಯಾಗ್ ನಿಮ್ಮ ಬೆನ್ನಿಗೆ ಬೇಕು. ಅದರಲ್ಲಿ ನೀರು, ರೈನ್‌ಕೋಟ್, ಪ್ಯಾಡೆಡ್ ಜಾಕೆಟ್, ಹೆಡ್‌ಟಾರ್ಚ್, ಔಷಧಿ, ತಿನಿಸು, ಹಣ. ಹೇಸರಗತ್ತೆ ಬೇರೆ ದಾರಿಯಲ್ಲಿ, ಬೇರೆ ವೇಗದಲ್ಲಿ ಹೋಗುತ್ತದೆ. ಸಂಜೆಯವರೆಗೆ ದೊಡ್ಡ ಬ್ಯಾಗ್ ನಿಮ್ಮ ಕೈಗೆ ಸಿಗುವುದಿಲ್ಲ. ಆ ಬ್ಯಾಗನ್ನು ಹಗ್ಗ ಹಾಕಿ ಬಿಗಿಯುವುದರಿಂದ ಒಡೆಯುವಂಥದ್ದು ಅದರಲ್ಲಿ ಬೇಡ, ಒಳಗಿನ ಪ್ಲಾಸ್ಟಿಕ್ ಚೀಲ ಮಾತ್ರ ಖಂಡಿತ ಬೇಕು.

ಡೇರೆಯೂ ನಿಮ್ಮದೇ ಆದರೆ

ಇಬ್ಬರಿದ್ದರೆ ಹಂಚಿಕೊಳ್ಳಿ. ಡೇರೆಯ ಬಟ್ಟೆ ಒಬ್ಬರಿಗೆ, ಕೋಲು, ಗೂಟ, ಒಲೆ ಇನ್ನೊಬ್ಬರಿಗೆ. ಕೋಲುಗಳು ಬದಿಯ ಕಂಪ್ರೆಷನ್ ಪಟ್ಟಿಯ ಕೆಳಗೆ ನೆಟ್ಟಗೆ ನಿಲ್ಲಲಿ. ಡೇರೆಯ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದ ಹೊರಗೆ, ಬ್ಯಾಗಿನ ಬಾಯಿಯ ಹತ್ತಿರ ಇಡಿ. ಬೆಳಗ್ಗೆ ಅದು ಇಬ್ಬನಿಯಲ್ಲಿ ಒದ್ದೆಯಾಗಿಯೇ ಇರುತ್ತದೆ, ಒಳಗೆ ಹಾಕಿದರೆ ಎಲ್ಲ ಒದ್ದೆ. ಸಂಜೆ ಮಳೆಯಲ್ಲಿ ಶಿಬಿರ ಮುಟ್ಟಿದರೆ ಮೊದಲು ಬೇಕಾಗುವುದೂ ಅದೇ. ಒಲೆಯ ಎಣ್ಣೆ, ಗ್ಯಾಸು ಯಾವತ್ತೂ ತಿನಿಸಿಗಿಂತ ಕೆಳಗಿರಲಿ.

ಮನೆಗೆ ಬಂದ ಮೇಲೆ

ಬ್ಯಾಗನ್ನು ಹಾಗೇ ಮೂಲೆಗೆ ತಳ್ಳಬೇಡಿ. ಎಲ್ಲ ಜಿಪ್ ತೆರೆದು, ಒಳಗಿನ ಪುಡಿ ಕೊಡವಿ, ಒದ್ದೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಒಣಗಿಸಿ. ವಾಷಿಂಗ್ ಮೆಷಿನ್ನಿಗೆ ಹಾಕಿದರೆ ಒಳಗಿನ ನೀರು ತಡೆಯುವ ಲೇಪ ಹೋಗುತ್ತದೆ. ಸ್ಲೀಪಿಂಗ್ ಬ್ಯಾಗನ್ನು ಅದರ ಚೀಲದಿಂದ ಹೊರಗೆ ತೆಗೆದು ಸಡಿಲವಾಗಿ ಇಡಿ.

ಆಮೇಲೆ ಮತ್ತೆ ಅದೇ ಚಾಪೆ ಹಾಸಿ, ತಂದದ್ದನ್ನೆಲ್ಲ ಎರಡು ಗುಡ್ಡೆ ಮಾಡಿ: ಬಳಸಿದ್ದು, ಮುಟ್ಟದೇ ಇದ್ದದ್ದು. ಎರಡನೇ ಗುಡ್ಡೆಯಿಂದ ಔಷಧಿ, ರೈನ್‌ಕೋಟ್, ಹೆಚ್ಚಿನ ಸೆಲ್ ಮತ್ತು ಆ ಒಣ ಥರ್ಮಲ್ ಜೊತೆ ವಾಪಸ್ ತೆಗೆಯಿರಿ. ಉಳಿದದ್ದನ್ನು ಒಂದು ಕಾಗದದಲ್ಲಿ ಬರೆದು ಬ್ಯಾಗಿನ ಟಾಪ್ ಲಿಡ್ ಒಳಗೆ ಹಾಕಿಡಿ. ಮುಂದಿನ ವರ್ಷ ಬ್ಯಾಗ್ ತೆರೆದಾಗ ಮೊದಲು ಕೈಗೆ ಸಿಗುವುದು ಆ ಚೀಟಿ ಆಗಿರಲಿ.